ಔಷಧಿ ಪರೀಕ್ಷೆಯನ್ನು ಅರ್ಧಕ್ಕೇ ಬಿಟ್ಟುಹೋದವರ ಲೆಕ್ಕ

ಹೊಸ ನೋವಿನ ಮಾತ್ರೆಯೊಂದನ್ನು 100 ಜನರಿಗೆ ಕೊಟ್ಟು ನೋಡುತ್ತಿದ್ದಾರೆ ಅಂದುಕೊಳ್ಳಿ. ಇನ್ನು 100 ಜನರಿಗೆ ಪ್ಲಸೀಬೊ, ಅಂದರೆ ನೋಡಲು ಥೇಟ್ ಹಾಗೇ ಇರುವ, ಒಳಗೆ ಔಷಧಿಯೇ ಇಲ್ಲದ ಮಾತ್ರೆ. ಆರು ತಿಂಗಳಾದ ಮೇಲೆ ಲೆಕ್ಕ ತೆಗೆದರು. ಔಷಧಿ ಗುಂಪಿನಲ್ಲಿ ಕೊನೆಯವರೆಗೆ ಉಳಿದವರು 70 ಜನ. ಅವರಲ್ಲಿ 42 ಜನರಿಗೆ ನೋವು ಕಡಿಮೆಯಾಗಿದೆ. ಪ್ಲಸೀಬೊ ಗುಂಪಿನಲ್ಲಿ ಉಳಿದವರು 90, ನೋವು ಕಡಿಮೆಯಾದದ್ದು 45 ಜನರಿಗೆ. ಒಂದು ಕಡೆ ಶೇಕಡಾ 60, ಇನ್ನೊಂದು ಕಡೆ ಶೇಕಡಾ 50. ಔಷಧಿ ಗೆದ್ದಿತು, ಅಲ್ವಾ?

ಸ್ವಲ್ಪ ತಡೆಯಿರಿ. ಶುರುವಿನಲ್ಲಿ ಎರಡೂ ಕಡೆ ನೂರು ನೂರು ಜನ ಇದ್ದರು. ನೂರಕ್ಕೆ ಎಷ್ಟು ಅಂತ ನೋಡಿದರೆ ಔಷಧಿಗೆ 42, ಪ್ಲಸೀಬೊಗೆ 45. ಈಗ ಔಷಧಿಯೇ ಹಿಂದೆ. ಈ ಅಂಕಿಗಳು ಉದಾಹರಣೆಗೆಂದು ನಾನೇ ಕಟ್ಟಿದ್ದು. ಆದರೆ ಇದರಲ್ಲಿರುವ ಪೇಚು ನಿಜವಾದದ್ದೇ. ಗೆದ್ದದ್ದು ಯಾರು ಅನ್ನುವುದು, ಅರ್ಧದಲ್ಲೇ ಬಿಟ್ಟುಹೋದ ಆ 40 ಜನರನ್ನು ಎಲ್ಲಿಗೆ ಸೇರಿಸುತ್ತೀರಿ ಅನ್ನುವುದರ ಮೇಲೆ ನಿಂತಿದೆ.

ಕ್ಲಿನಿಕಲ್ ಟ್ರಯಲ್, ಅಂದರೆ ಜನರ ಮೇಲೆ ನಡೆಯುವ ಇಂಥ ಔಷಧಿ ಪರೀಕ್ಷೆಯ ಬಗ್ಗೆ ಸುದ್ದಿ ಬಂದಾಗ ನಾವೆಲ್ಲ ನೋಡುವುದು ಎಷ್ಟು ಜನರಿಗೆ ಗುಣವಾಯಿತು ಅಂತ. ನನ್ನ ಪ್ರಕಾರ ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ: ಎಷ್ಟು ಜನ ಬಿಟ್ಟರು, ಯಾಕೆ ಬಿಟ್ಟರು? ಜನ ಸುಮ್ನೆ ಬಿಟ್ಟುಹೋಗುವುದಿಲ್ಲ. ಒಬ್ಬರಿಗೆ ವಾಕರಿಕೆ ತಡೆಯೋಕೆ ಆಗಿರುವುದಿಲ್ಲ. ಇನ್ನೊಬ್ಬರಿಗೆ ಚೂರೂ ಗುಣ ಕಂಡಿರುವುದಿಲ್ಲ. ಮತ್ತೊಬ್ಬರಿಗೆ ಪೂರ್ತಿ ಗುಣವಾಗಿ, ಇನ್ನು ಯಾಕೆ ಹೋಗಬೇಕು ಅನ್ನಿಸಿರುತ್ತದೆ. ಈ ಮೂರೂ ಔಷಧಿಯ ಬಗೆಗಿನ ಮಾಹಿತಿಯೇ. ಅವರು ಎದ್ದು ಹೋದಾಗ ಆ ಮಾಹಿತಿಯೂ ಅವರ ಜೊತೆಗೇ ಹೋಗುತ್ತದೆ.

ಟ್ರಯಲ್‌ನ ಇಡೀ ಬಲ ಇರುವುದು ಜನರನ್ನು ಹಂಚುವ ರೀತಿಯಲ್ಲಿ. ಯಾರಿಗೆ ಔಷಧಿ, ಯಾರಿಗೆ ಪ್ಲಸೀಬೊ ಅನ್ನುವುದನ್ನು ಡಾಕ್ಟರೂ ಆರಿಸುವುದಿಲ್ಲ, ರೋಗಿಯೂ ಆರಿಸುವುದಿಲ್ಲ. ಅದು ಚೀಟಿ ಎತ್ತಿದ ಹಾಗೆ ತಾನಾಗಿ ಬೀಳುತ್ತದೆ. ಹಾಗಾಗಿ ವಯಸ್ಸು, ಕಾಯಿಲೆಯ ತೀವ್ರತೆ, ಬಡತನ, ಸ್ವಭಾವ ಎಲ್ಲವೂ ಎರಡೂ ಕಡೆ ಹೆಚ್ಚುಕಮ್ಮಿ ಸಮನಾಗಿ ಸೇರಿಕೊಳ್ಳುತ್ತವೆ. ಕೊನೆಯಲ್ಲಿ ವ್ಯತ್ಯಾಸ ಕಂಡರೆ ಅದು ಔಷಧಿಯದೇ ಅಂತ ಹೇಳುವ ಧೈರ್ಯ ಬರುವುದು ಇದರಿಂದ. ಒಂದು ಕಡೆಯಿಂದ ಒಂದು ಬಗೆಯವರು, ಇನ್ನೊಂದು ಕಡೆಯಿಂದ ಇನ್ನೊಂದು ಬಗೆಯವರು ಜಾರಿಕೊಂಡರೆ ಆ ಸಮತೋಲನ ಮುರಿಯುತ್ತದೆ. ಅದಕ್ಕೇ ತಜ್ಞರ ಮೊದಲ ನಿಯಮ: ಹಂಚಿದ ಮೇಲೆ ಔಷಧಿ ತಿಂದರೂ, ತಿನ್ನದಿದ್ದರೂ, ಅರ್ಧಕ್ಕೇ ಬಿಟ್ಟರೂ ಅವರನ್ನು ಹಂಚಿದ ಗುಂಪಿನಲ್ಲೇ ಎಣಿಸಬೇಕು.

ಕೇಳಿದಾಗ ಇದು ವಿಚಿತ್ರ ಅನ್ನಿಸುತ್ತದೆ. ಮಾತ್ರೆಯನ್ನೇ ನುಂಗದವರನ್ನು ಔಷಧಿ ಗುಂಪಿನಲ್ಲಿ ಎಣಿಸುವುದು ಎಲ್ಲಿಯ ನ್ಯಾಯ? ಸರಿಯಾಗಿ ತಿಂದವರನ್ನು ಮಾತ್ರ ಆರಿಸಿ ನೋಡಿದರೆ ಆಗದೇ?

ಆಗುವುದಿಲ್ಲ. ಯಾಕೆ ಅನ್ನುವುದನ್ನು ಅಮೆರಿಕದ ಒಂದು ಹಳೆಯ ಟ್ರಯಲ್ ಚೆನ್ನಾಗಿ ತೋರಿಸಿಕೊಟ್ಟಿತು. ಹೆಸರು ಕೊರೊನರಿ ಡ್ರಗ್ ಪ್ರಾಜೆಕ್ಟ್. ಹೃದಯಾಘಾತ ಆಗಿಹೋದ ಗಂಡಸರಿಗೆ ಕ್ಲೋಫೈಬ್ರೇಟ್ ಅನ್ನುವ ಕೊಲೆಸ್ಟರಾಲ್ ಔಷಧಿ ಕೊಟ್ಟಿದ್ದರು. ಐದು ವರ್ಷದಲ್ಲಿ ಔಷಧಿ ಗುಂಪಿನಲ್ಲಿ ಶೇಕಡಾ 20 ಜನ ತೀರಿಕೊಂಡರು, ಪ್ಲಸೀಬೊ ಗುಂಪಿನಲ್ಲಿ ಶೇಕಡಾ 20.9. ಅಂದರೆ ಹೇಳಿಕೊಳ್ಳುವಂಥ ಫಲ ಇಲ್ಲ. ಆಮೇಲೆ ಔಷಧಿ ಗುಂಪಿನೊಳಗೇ ಇಣುಕಿ ನೋಡಿದರು. ಶೇಕಡಾ 80ಕ್ಕಿಂತ ಹೆಚ್ಚು ಮಾತ್ರೆಗಳನ್ನು ತಪ್ಪದೆ ತಿಂದವರಲ್ಲಿ ಸಾವು ಶೇಕಡಾ 15, ಸರಿಯಾಗಿ ತಿನ್ನದವರಲ್ಲಿ ಸುಮಾರು 25. ಅಬ್ಬಾ, ಹಾಗಾದರೆ ಔಷಧಿ ಕೆಲಸ ಮಾಡಿದೆ! ಹಾಗಂತ ಹೇಳಿ ಮುಗಿಸಬಹುದಿತ್ತು. ಅವರು ಪ್ಲಸೀಬೊ ಗುಂಪನ್ನೂ ಹೀಗೇ ಒಡೆದು ನೋಡಿದರು. ಪ್ಲಸೀಬೊವನ್ನು ತಪ್ಪದೆ ತಿಂದವರಲ್ಲಿ ಸಾವು ಶೇಕಡಾ 15, ತಿನ್ನದವರಲ್ಲಿ ಸುಮಾರು 28.

ಔಷಧಿಯೇ ಇಲ್ಲದ ಮಾತ್ರೆ ಯಾರ ಪ್ರಾಣವನ್ನೂ ಉಳಿಸುವುದಿಲ್ಲ. ಉಳಿಸಿದ್ದು ಬೇರೆ ಏನೋ. ಮಾತ್ರೆ ತಪ್ಪಿಸದವರು ಬಹುಶಃ ಬೇರೆ ವಿಷಯದಲ್ಲೂ ಶಿಸ್ತಿನವರು, ಅಥವಾ ಮೊದಲೇ ಸ್ವಲ್ಪ ಗಟ್ಟಿಯಾಗಿದ್ದವರು, ಅಥವಾ ಮನೆಯಲ್ಲಿ ನೋಡಿಕೊಳ್ಳುವವರು ಇದ್ದವರು. 1980ರಲ್ಲಿ ಇದು ಪ್ರಕಟವಾಯಿತು. ಉಳಿದವರು ಬೇರೆ ಥರದ ಜನ, ಬಿಟ್ಟವರು ಬೇರೆ ಥರದ ಜನ. ಉಳಿದವರನ್ನಷ್ಟೇ ನೋಡಿದರೆ ನೀವು ಅಳೆಯುವುದು ಔಷಧಿಯನ್ನಲ್ಲ, ಉಳಿಯುವವರ ಸ್ವಭಾವವನ್ನು.

ಯಾಕೆ ಬಿಡುತ್ತಾರೆ

ಬಿಡುವುದರಲ್ಲೂ ಬಗೆಗಳಿವೆ, ಮತ್ತು ಇವುಗಳನ್ನು ಕಲಸಿಬಿಟ್ಟರೆ ಏನೂ ಅರ್ಥವಾಗುವುದಿಲ್ಲ. ಕೆಲವರು ಮಾತ್ರೆ ನಿಲ್ಲಿಸುತ್ತಾರೆ, ಆದರೆ ತಪಾಸಣೆಗೆ ಬರುತ್ತಲೇ ಇರುತ್ತಾರೆ. ಕೆಲವರು ಒಪ್ಪಿಗೆಯನ್ನೇ ವಾಪಸ್ ಪಡೆಯುತ್ತಾರೆ. ಇನ್ನು ಕೆಲವರು ಏನೂ ಹೇಳುವುದಿಲ್ಲ, ಫೋನ್ ನಂಬರ್ ಬದಲಾಗಿರುತ್ತದೆ, ಮನೆ ಬದಲಾಗಿರುತ್ತದೆ, ಸಿಗುವುದೇ ಇಲ್ಲ. ಮೊದಲನೆಯವರಿಂದ ಲೆಕ್ಕಕ್ಕೆ ದೊಡ್ಡ ಪೆಟ್ಟು ಬೀಳುವುದಿಲ್ಲ, ಅವರಿಗೆ ಏನಾಯಿತು ಅಂತ ಗೊತ್ತಿರುತ್ತದೆ. ತಲೆನೋವು ಕೊನೆಯವರದು.

ಕಾರಣಗಳಲ್ಲಿ ಬಹಳಷ್ಟು ತೀರಾ ಸಾಮಾನ್ಯ. ಆಸ್ಪತ್ರೆ ದೂರ. ಪ್ರತಿ ಸಲ ಅರ್ಧ ದಿನ ಹೋಗುತ್ತದೆ, ಆ ದಿನದ ದುಡಿಮೆಗೆ ಕತ್ತರಿ. ಮಗುವನ್ನು ಯಾರ ಹತ್ತಿರ ಬಿಡುವುದು? ಪದೇ ಪದೇ ರಕ್ತ ತೆಗೆಯುತ್ತಾರೆ. ಮನೆಯವರಿಗೆ ಇಷ್ಟವಿಲ್ಲ, ‘ನಿನ್ನ ಮೇಲೆ ಪ್ರಯೋಗ ಮಾಡ್ತಿದ್ದಾರೆ’ ಅನ್ನುವ ಮಾತು ಬೇರೆ. ಯಾರಿಗೆ ಏನು ಸಿಕ್ಕಿದೆ ಅಂತ ಗೊತ್ತಾಗುವಂಥ ಟ್ರಯಲ್ ಆದರೆ ಇನ್ನೊಂದು ಕಾರಣ ಸೇರಿಕೊಳ್ಳುತ್ತದೆ. ಹೊಸ ಚಿಕಿತ್ಸೆ ಸಿಗುತ್ತದೆ ಅಂತ ಆಸೆಯಿಂದ ಬಂದವರಿಗೆ ಹಳೆಯದೇ ಸಿಕ್ಕಾಗ ಬೇಜಾರಾಗಿ ಎರಡನೇ ಭೇಟಿಗೇ ಬರುವುದಿಲ್ಲ.

ಈ ಬೇಜಾರಿನ ಬೇರು ಬಹಳ ಸಲ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ ದಿನದಲ್ಲೇ ಇರುತ್ತದೆ. ಡಾಕ್ಟರು ನನಗೆ ಯಾವುದು ಒಳ್ಳೆಯದೋ ಅದನ್ನೇ ಕೊಡುತ್ತಾರೆ ಅಂತ ರೋಗಿ ನಂಬಿರುತ್ತಾರೆ. ಆದರೆ ಟ್ರಯಲ್‌ನಲ್ಲಿ ಚಿಕಿತ್ಸೆ ಯಾರಿಗೆ ಏನು ಅನ್ನುವುದು ರೋಗಿಯ ಅಗತ್ಯ ನೋಡಿ ತೀರ್ಮಾನ ಆಗುವುದಿಲ್ಲ. ಅಮೆರಿಕದ ಮನೋವೈದ್ಯ ಪಾಲ್ ಆಪಲ್‌ಬಾಮ್ ಮತ್ತು ಜೊತೆಗಾರರು 1982ರಲ್ಲೇ ಈ ತಪ್ಪು ನಂಬಿಕೆಯನ್ನು ಗುರುತಿಸಿ ಬರೆದರು. ಪತ್ರದಲ್ಲಿ ಎಲ್ಲ ಬರೆದಿರುತ್ತದೆ, ನಿಜ. ಹತ್ತಾರು ಪುಟದ ಪತ್ರವನ್ನು ಗಾಬರಿಯಲ್ಲಿರುವ ರೋಗಿ ಎಷ್ಟು ಓದುತ್ತಾರೆ ಅನ್ನುವುದು ಬೇರೆ ಮಾತು.

ಇನ್ನು ಸೈಡ್ ಎಫೆಕ್ಟ್. ಎಲ್ಲರೂ ಮೊದಲು ಹೇಳುವ ಕಾರಣ ಇದು. ಇದರಲ್ಲೂ ಒಂದು ಸೂಕ್ಷ್ಮ ಇದೆ. ಬ್ರಿಟನ್ನಿನಲ್ಲಿ ನಡೆದ ಸ್ಯಾಮ್ಸನ್ ಟ್ರಯಲ್‌ಗೆ 60 ಜನರನ್ನು ಆರಿಸಿದ್ದರು. ಎಲ್ಲರೂ ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಯನ್ನು ಸೈಡ್ ಎಫೆಕ್ಟ್ ತಾಳಲಾರದೆ ನಿಲ್ಲಿಸಿದ್ದವರು. ಒಬ್ಬೊಬ್ಬರಿಗೆ 12 ಡಬ್ಬಿ, ತಿಂಗಳಿಗೆ ಒಂದು. ನಾಲ್ಕರಲ್ಲಿ ಸ್ಟ್ಯಾಟಿನ್, ನಾಲ್ಕರಲ್ಲಿ ಪ್ಲಸೀಬೊ, ನಾಲ್ಕು ಖಾಲಿ. ಪ್ರತಿದಿನ ಮೈಕೈ ನೋವು, ಸುಸ್ತು ಎಷ್ಟಿದೆ ಅಂತ ಫೋನಿನಲ್ಲಿ ನೂರಕ್ಕೆ ಅಂಕ ಕೊಡಬೇಕು. ಖಾಲಿ ಡಬ್ಬಿಯ ತಿಂಗಳುಗಳಲ್ಲಿ ಸರಾಸರಿ 8 ಅಂಕ. ಸ್ಟ್ಯಾಟಿನ್ ತಿಂಗಳುಗಳಲ್ಲಿ 16.3. ಪ್ಲಸೀಬೊ ತಿಂಗಳುಗಳಲ್ಲಿ? 15.4.

ನೋವು ಸುಳ್ಳಲ್ಲ. ಅವರಿಗೆ ನಿಜವಾಗಿಯೂ ನೋವಾಗಿತ್ತು. ಆದರೆ ನೋವಿನ ಬಹುಪಾಲು ಬಂದದ್ದು ಮಾತ್ರೆ ತಿನ್ನುತ್ತಿದ್ದೇನೆ ಅನ್ನುವ ಭಯದಿಂದ, ಮಾತ್ರೆಯೊಳಗಿನ ಔಷಧಿಯಿಂದಲ್ಲ. ಅವರವರ ಅಂಕಗಳನ್ನು ಅವರವರಿಗೇ ತೋರಿಸಿದ ಮೇಲೆ ಅರ್ಧದಷ್ಟು ಜನ ಮತ್ತೆ ಸ್ಟ್ಯಾಟಿನ್ ಶುರು ಮಾಡಿದರು. ಪ್ಲಸೀಬೊ ಗುಂಪಿನಿಂದಲೂ ಜನ ‘ಸೈಡ್ ಎಫೆಕ್ಟ್’ ಅಂತ ಯಾಕೆ ಹೊರನಡೆಯುತ್ತಾರೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆ ನನಗೆ ಸಿಕ್ಕಿಲ್ಲ.

ಬಿಟ್ಟುಹೋಗುವುದನ್ನೇ ಅಳತೆಗೋಲು ಮಾಡಿಕೊಂಡ ಟ್ರಯಲ್ ಕೂಡ ಇದೆ. ಸ್ಕಿಜೋಫ್ರೀನಿಯಾ ಅನ್ನುವ ಮನೋರೋಗದ ಔಷಧಿಗಳನ್ನು ಹೋಲಿಸಿದ ಅಮೆರಿಕದ ಕೇಟೀ ಟ್ರಯಲ್, 2005ರಲ್ಲಿ ಫಲಿತಾಂಶ ಬಂತು. ಸುಮಾರು 1,500 ರೋಗಿಗಳು. ಯಾವ ಔಷಧಿಯನ್ನು ಜನ ಎಷ್ಟು ದಿನ ಮುಂದುವರಿಸುತ್ತಾರೆ ಅನ್ನುವುದೇ ಮುಖ್ಯ ಪ್ರಶ್ನೆ. 18 ತಿಂಗಳು ಮುಗಿಯುವ ಮೊದಲೇ ಶೇಕಡಾ 74 ಜನ ತಮಗೆ ಕೊಟ್ಟ ಔಷಧಿಯನ್ನು ನಿಲ್ಲಿಸಿದ್ದರು. ಅವುಗಳಲ್ಲಿ ಒಂದಾದ ಒಲಾಂಜಪೀನ್ ತಿಂದವರು ಉಳಿದವರಿಗಿಂತ ಹೆಚ್ಚು ದಿನ ಮುಂದುವರಿಸಿದರು, ಅವರಲ್ಲಿ ಬಿಟ್ಟವರು ಶೇಕಡಾ 64. ಆದರೆ ತೂಕ ಏರಿತು ಅಂತ ಬಿಟ್ಟವರು ಅದೇ ಗುಂಪಿನಲ್ಲಿ ಜಾಸ್ತಿ. ಒಂದೇ ಔಷಧಿಯ ಗುಣ, ದೋಷ ಎರಡೂ ಬಿಟ್ಟವರ ಲೆಕ್ಕದಲ್ಲೇ ಕಾಣಿಸಿಕೊಂಡವು. ಇದು ಜಾಣತನದ ವಿನ್ಯಾಸ ಅಂತಲೇ ನನಗೆ ಅನ್ನಿಸುತ್ತದೆ.

ಉಳಿದರೂ ಉಳಿಯದವರು

ಬರುವುದು ನಿಲ್ಲಿಸಿದರೆ ಗೊತ್ತಾಗುತ್ತದೆ. ಬರುತ್ತಲೇ ಇದ್ದು ಮಾತ್ರೆ ತಿನ್ನದಿದ್ದರೆ?

ಎಚ್‌ಐವಿ ತಡೆಯುವ ಔಷಧಿಗಳನ್ನು ಪರೀಕ್ಷಿಸಿದ ವಾಯ್ಸ್ ಟ್ರಯಲ್‌ನಲ್ಲಿ ದಕ್ಷಿಣ ಆಫ್ರಿಕಾ, ಉಗಾಂಡ, ಜಿಂಬಾಬ್ವೆಯ 5,029 ಮಹಿಳೆಯರಿದ್ದರು. ಕೆಲವರಿಗೆ ದಿನಾ ಮಾತ್ರೆ, ಕೆಲವರಿಗೆ ದಿನಾ ಹಚ್ಚುವ ಜೆಲ್. ಕೊನೆಯವರೆಗೆ ಉಳಿದವರು ಶೇಕಡಾ 91. ಇಂಥ ಅಂಕಿ ಸಿಕ್ಕರೆ ಯಾವ ಸಂಶೋಧಕರಾದರೂ ಹಿಗ್ಗುತ್ತಾರೆ. ದಿನಾ ತಗೊಳ್ತಿದ್ದೀರಾ ಅಂತ ಕೇಳಿದಾಗ ಸಿಕ್ಕ ಉತ್ತರದಂತೆ ಶೇಕಡಾ 90ರಷ್ಟು ಬಳಕೆ. ವಾಪಸ್ ತಂದ ಮಾತ್ರೆ ಎಣಿಸಿದರೂ ಹೆಚ್ಚುಕಮ್ಮಿ ಅದೇ ಲೆಕ್ಕ. ಆದರೆ ಔಷಧಿಗಳಿಂದ ರಕ್ಷಣೆ ಸಿಕ್ಕಿದ್ದು ಕಾಣಲಿಲ್ಲ. ಆಮೇಲೆ ಕಾಪಾಡಿಟ್ಟ ರಕ್ತದ ಮಾದರಿಗಳನ್ನು ಪರೀಕ್ಷಿಸಿದರು. ಔಷಧಿಯ ಅಂಶ ಸಿಕ್ಕಿದ್ದು ಶೇಕಡಾ 25ರಿಂದ 30 ಮಾದರಿಗಳಲ್ಲಿ ಮಾತ್ರ.

ಮುಂದೆ ಇವರಲ್ಲಿ ಕೆಲವರನ್ನು ಕರೆಸಿ, ಅವರದೇ ರಕ್ತದ ವರದಿ ಮುಂದಿಟ್ಟು ಮಾತಾಡಿಸಿದರು. ಆಗ ನಿಜ ಹೊರಬಂತು. ಈ ಮಾತ್ರೆ ಎಚ್‌ಐವಿ ಇರುವವರು ತಿನ್ನುವಂಥದ್ದೇ. ಮನೆಯಲ್ಲಿ ಯಾರಾದರೂ ನೋಡಿದರೆ ಇವಳಿಗೆ ಕಾಯಿಲೆ ಇದೆ ಅಂದುಕೊಳ್ಳುತ್ತಾರೆ ಅನ್ನುವ ಹೆದರಿಕೆ. ಗಂಡನದೋ ಗೆಳೆಯನದೋ ವಿರೋಧ. ಇನ್ನೂ ಪರೀಕ್ಷೆಯಲ್ಲಿರುವ ಔಷಧಿ ಆರೋಗ್ಯವಂತ ಮೈಗೆ ಏನು ಮಾಡುತ್ತದೋ ಅನ್ನುವ ಭಯ. ಹಾಗಾದರೆ ಟ್ರಯಲ್ ಬಿಡಲಿಲ್ಲ ಯಾಕೆ? ಅಲ್ಲಿ ತಪಾಸಣೆ ಚೆನ್ನಾಗಿತ್ತು, ಬೇರೆ ಕಾಯಿಲೆಗಳಿಗೂ ನೋಡುತ್ತಿದ್ದರು. ಮಾತ್ರೆ ತಿನ್ನುತ್ತಿಲ್ಲ ಅಂತ ಬಾಯಿಬಿಟ್ಟರೆ ಅದು ತಪ್ಪಿಹೋಗುತ್ತದೋ ಅನ್ನುವ ಅಳುಕು.

ಅವರನ್ನು ಸುಳ್ಳುಗಾರರು ಅನ್ನುವುದು ಸುಲಭ. ನಾನಂತೂ ಹಾಗೆ ಹೇಳಲಾರೆ. ನಿಜ ಹೇಳಿದರೆ ಕಳೆದುಕೊಳ್ಳುವುದು ಜಾಸ್ತಿ ಅನ್ನುವ ಜಾಗದಲ್ಲಿ ಅವರನ್ನು ನಿಲ್ಲಿಸಿದ್ದು ಟ್ರಯಲ್ ನಡೆದ ರೀತಿ.

ಇದರ ಇನ್ನೊಂದು ಮುಖ 1980ರ ದಶಕದ ಅಮೆರಿಕದಲ್ಲಿತ್ತು. ಏಡ್ಸ್‌ಗೆ ಆಗ ಔಷಧಿಯೇ ಇರಲಿಲ್ಲ. ಎಜೆಡ್‌ಟಿ ಅನ್ನುವ ಹೊಸ ಔಷಧಿಯ ಪರೀಕ್ಷೆ ಶುರುವಾದಾಗ ಪ್ಲಸೀಬೊ ಸಿಕ್ಕಿದರೆ ಸಾವೇ ಗತಿ ಅಂತ ರೋಗಿಗಳಿಗೆ ಗೊತ್ತಿತ್ತು. ಕೆಲವರು ಕ್ಯಾಪ್ಸೂಲುಗಳನ್ನು ಲ್ಯಾಬಿಗೆ ಕೊಟ್ಟು ಒಳಗೆ ಏನಿದೆ ಅಂತ ನೋಡಿಸಿದರು. ಕೆಲವರು ಔಷಧಿಯನ್ನು ಪರಸ್ಪರ ಹಂಚಿಕೊಂಡರು. 1986ರಲ್ಲಿ ಆ ಟ್ರಯಲ್ ಅವಧಿಗೆ ಮೊದಲೇ ನಿಂತಿತು, ಪ್ಲಸೀಬೊ ಗುಂಪಿನಲ್ಲಿ 19 ಜನ ಸತ್ತಿದ್ದರು, ಔಷಧಿ ಗುಂಪಿನಲ್ಲಿ ಒಬ್ಬರು. ನಿಯಮ ಮುರಿದವರ ಮೇಲೆ ಸಿಟ್ಟು ಮಾಡಿಕೊಳ್ಳುವ ಮೊದಲು ಈ ಅಂಕಿಯನ್ನು ಒಮ್ಮೆ ನೋಡಬೇಕು.

ಖಾಲಿ ಬಿಟ್ಟ ಜಾಗವನ್ನು ತುಂಬುವುದು

ಬಿಟ್ಟುಹೋದವರಿಗೆ ಏನಾಯಿತು ಅಂತ ಗೊತ್ತಿಲ್ಲದಾಗ ಊಹೆ ಮಾಡಬೇಕಾಗುತ್ತದೆ. ಬಹಳ ವರ್ಷ ಚಾಲ್ತಿಯಲ್ಲಿದ್ದ ಒಂದು ದಾರಿ: ಅವರು ಕೊನೆಯ ಸಲ ಬಂದಾಗ ಹೇಗಿದ್ದರೋ ಕೊನೆವರೆಗೂ ಹಾಗೇ ಇದ್ದರು ಅಂತ ಬರೆದುಕೊಳ್ಳುವುದು. ಕೇಳಲು ಸರಳ. ಆದರೆ ಆಲ್ಝೈಮರ್‌ನಂಥ ಕಾಯಿಲೆಗೆ ಇದನ್ನು ಹಚ್ಚಿ ನೋಡಿ. ಮರೆವು ತಿಂಗಳು ತಿಂಗಳಿಗೂ ಏರುತ್ತಾ ಹೋಗುವ ಕಾಯಿಲೆ ಅದು. ಹೊಟ್ಟೆ ತೊಳೆಸಿ ಎರಡನೇ ತಿಂಗಳಿಗೇ ಔಷಧಿ ಬಿಟ್ಟವರ ನೆನಪು ಆಗ ಇನ್ನೂ ಪರವಾಗಿಲ್ಲ ಅನ್ನುವಂತಿರುತ್ತದೆ. ಅದೇ ಅಂಕವನ್ನು ಹನ್ನೆರಡನೇ ತಿಂಗಳಿಗೂ ಬರೆದರೆ, ಔಷಧಿಯನ್ನು ತಾಳಲಾರದೆ ಬಿಟ್ಟವರಿಂದಲೇ ಔಷಧಿಗೆ ಒಳ್ಳೆಯ ಹೆಸರು! ಸೈಡ್ ಎಫೆಕ್ಟ್ ಹೆಚ್ಚಾದಷ್ಟೂ ಔಷಧಿ ಚೆನ್ನಾಗಿ ಕಾಣುತ್ತದೆ.

ಈಗ ಇದಕ್ಕಿಂತ ಒಳ್ಳೆಯ ಲೆಕ್ಕದ ವಿಧಾನಗಳಿವೆ. ಆದರೂ ಇಲ್ಲದ ಮಾಹಿತಿಯನ್ನು ಯಾವ ಸೂತ್ರವೂ ಹುಟ್ಟಿಸುವುದಿಲ್ಲ. ಅಮೆರಿಕದ ನ್ಯಾಷನಲ್ ರಿಸರ್ಚ್ ಕೌನ್ಸಿಲ್ 2010ರಲ್ಲಿ ಕೊಟ್ಟ ವರದಿಯ ತಿರುಳು ಇದೇ. ಆಮೇಲೆ ಸರಿಪಡಿಸುವ ಬದಲು ಜನ ಕೈತಪ್ಪದಂತೆ ಮೊದಲೇ ಯೋಜಿಸಿ, ಔಷಧಿ ನಿಲ್ಲಿಸಿದವರನ್ನೂ ಫಾಲೋಅಪ್ ಮಾಡುತ್ತಲೇ ಇರಿ.

ಇದನ್ನು ಕಡೆಗಣಿಸಿದರೆ ತೆರಬೇಕಾದ ಬೆಲೆ ದೊಡ್ಡದು. ರಿವರಾಕ್ಸಬಾನ್ ಅನ್ನುವ ರಕ್ತ ತೆಳುಗೊಳಿಸುವ ಔಷಧಿಯನ್ನು ಹೃದಯಾಘಾತ ಆದವರಿಗೆ ಕೊಡಬಹುದೇ ಅಂತ ನೋಡಲು 15,526 ಜನರ ಮೇಲೆ ಟ್ರಯಲ್ ನಡೆಯಿತು. ಹೃದಯ, ರಕ್ತನಾಳದ ತೊಂದರೆಯಿಂದಾದ ಸಾವು, ಹೃದಯಾಘಾತ, ಪಾರ್ಶ್ವವಾಯು ಸೇರಿಸಿ ನೋಡಿದರೆ ಔಷಧಿ ಗುಂಪಿನಲ್ಲಿ ಶೇಕಡಾ 8.9, ಪ್ಲಸೀಬೊ ಗುಂಪಿನಲ್ಲಿ 10.7. ಚೆನ್ನಾಗಿಯೇ ಇದೆ. ಆದರೆ ಹತ್ತರಲ್ಲಿ ಒಬ್ಬರಿಗಿಂತ ಹೆಚ್ಚು ಜನರ ಫಾಲೋಅಪ್ ಪೂರ್ತಿಯಾಗಿರಲಿಲ್ಲ. ಗೆಲುವಿನ ಅಂತರ ಎರಡಕ್ಕಿಂತ ಕಡಿಮೆ, ಗೊತ್ತಿಲ್ಲದವರ ಪಾಲು ಅದರ ಹಲವು ಪಟ್ಟು. 2012ರಲ್ಲಿ ಔಷಧಿಗಳಿಗೆ ಒಪ್ಪಿಗೆ ಕೊಡುವ ಅಮೆರಿಕದ ಸಂಸ್ಥೆ ಎಫ್‌ಡಿಎ ಈ ಬಳಕೆಗೆ ಒಪ್ಪಿಗೆ ಕೊಡಲಿಲ್ಲ, ಈ ಕೊರತೆ ಅಲ್ಲಿ ದೊಡ್ಡ ಚರ್ಚೆಯಾಯಿತು. ಯುರೋಪ್ ಮಾತ್ರ ಮರುವರ್ಷ ಒಪ್ಪಿತು. ಒಂದೇ ಟ್ರಯಲ್, ಎರಡು ತೀರ್ಪು.

ಹಾಗಾದರೆ ಉಳಿಸಿಕೊಳ್ಳುವುದು ಹೇಗೆ

ಒಂದು ದಾರಿ ಶುರುವಿನಲ್ಲೇ ಸೋಸುವುದು. ಅಮೆರಿಕದ ವೈದ್ಯರ ಮೇಲೇ ನಡೆದ ಆಸ್ಪಿರಿನ್ ಟ್ರಯಲ್‌ನಲ್ಲಿ 33,223 ಜನರಿಗೆ ಮೊದಲು 18 ವಾರ ಸುಮ್ನೆ ಮಾತ್ರೆ ಕೊಟ್ಟು ನೋಡಿದರು. ಸರಿಯಾಗಿ ತಿಂದ, ತೊಂದರೆ ಇಲ್ಲದ 22,071 ಜನರನ್ನು ಮಾತ್ರ ನಿಜವಾದ ಪರೀಕ್ಷೆಗೆ ಹಂಚಿದರು. ಹಂಚುವ ಮೊದಲೇ ಸೋಸಿದ್ದರಿಂದ ಸಮತೋಲನ ಕೆಡುವುದಿಲ್ಲ. ಆದರೆ ಫಲಿತಾಂಶ ಯಾರಿಗೆ ಅನ್ವಯಿಸುತ್ತದೆ ಅಂತ ಕೇಳಿದರೆ, ತಪ್ಪದೆ ಮಾತ್ರೆ ತಿನ್ನುವವರಿಗೆ ಅನ್ನಬೇಕಾಗುತ್ತದೆ. ಹೊರಗಿನ ಜಗತ್ತಿನಲ್ಲಿ ಅಂಥವರು ಎಷ್ಟು ಜನ?

ದುಡ್ಡಿನ ವಿಷಯ ಸ್ವಲ್ಪ ನಾಜೂಕು. ಬಸ್ ಚಾರ್ಜು, ಊಟ, ಹೋದ ದಿನಗೂಲಿ ಕೊಡುವುದು ನ್ಯಾಯವೇ, ಅದನ್ನು ಆಮಿಷ ಅನ್ನುವವರ ಜೊತೆ ನನ್ನ ತಕರಾರಿದೆ. ಕೊನೆವರೆಗೆ ಇದ್ದರೆ ಮಾತ್ರ ದೊಡ್ಡ ಮೊತ್ತ ಅನ್ನುವುದು ಬೇರೆ. ತೊಂದರೆಯಾದರೂ ಬಾಯಿಮುಚ್ಚಿಕೊಂಡು ಉಳಿಯುವಂತೆ ಅದು ಮಾಡಬಹುದು. ಪ್ರಶ್ನಾವಳಿ ಅಂಚೆಯಲ್ಲಿ ಕಳಿಸುವ ಅಧ್ಯಯನಗಳಲ್ಲಿ ಚಿಕ್ಕ ಸಂಗತಿಗಳೂ ಕೆಲಸಕ್ಕೆ ಬರುತ್ತವೆ. ಉತ್ತರ ಬಂದ ಮೇಲೆ ಹಣ ಕೊಡುತ್ತೇವೆ ಅನ್ನುವುದಕ್ಕಿಂತ ಮೊದಲೇ ಇಟ್ಟು ಕಳಿಸಿದರೆ ಉತ್ತರ ಬರುವುದು ಜಾಸ್ತಿ. ಒಂದು ಪೆನ್ನು ಇಟ್ಟು ಕಳಿಸಿದರೂ ಅಷ್ಟೇ.

ಇನ್ನೊಂದು ದಾರಿ, ರೋಗಿಯನ್ನು ಓಡಾಡಿಸದೇ ಇರುವುದು. ಕೋವಿಡ್ ಕಾಲದಲ್ಲಿ ಬ್ರಿಟನ್ನಿನ ರಿಕವರಿ ಟ್ರಯಲ್ ಇದನ್ನು ಮಾಡಿ ತೋರಿಸಿತು. 28 ದಿನದ ಹೊತ್ತಿಗೆ ರೋಗಿ ಬದುಕಿದ್ದಾರೋ ಇಲ್ಲವೋ ಅನ್ನುವುದು ಮುಖ್ಯ ಪ್ರಶ್ನೆ. ಅದಕ್ಕೆ ರೋಗಿಯನ್ನು ಮತ್ತೆ ಕರೆಸಬೇಕಿಲ್ಲ, ದೇಶದ ಆರೋಗ್ಯ ದಾಖಲೆಗಳಲ್ಲೇ ಸಿಗುತ್ತದೆ. ಡೆಕ್ಸಾಮೆಥಸೋನ್ ಅನ್ನುವ ಔಷಧಿಯ ಹೋಲಿಕೆಯಲ್ಲಿದ್ದ 6,425 ಜನರಲ್ಲಿ ಹೆಚ್ಚುಕಮ್ಮಿ ಎಲ್ಲರ ಲೆಕ್ಕವೂ ಸಿಕ್ಕಿತು.

ಆದರೆ ವರ್ಷಗಟ್ಟಲೆ ನಡೆಯುವ ಟ್ರಯಲ್‌ನಲ್ಲಿ ಜನರನ್ನು ಹಿಡಿದಿಡುವುದು ಬಹುಮಟ್ಟಿಗೆ ಎದುರಿಗೆ ಕೂತು ಮಾತಾಡಿಸುವ ಕೋಆರ್ಡಿನೇಟರ್ ಅಥವಾ ನರ್ಸ್. ಹೋದ ಸಲ ಹೇಳಿದ್ದು ಅವರಿಗೆ ನೆನಪಿರುತ್ತದೆ. ಸೂಜಿ ಚುಚ್ಚಿಸಿಕೊಳ್ಳಲು ಹೆದರುವವರು ಯಾರು, ಸಂಜೆ ಮಾತ್ರ ಬಿಡುವಿರುವವರು ಯಾರು ಅಂತ ಗೊತ್ತಿರುತ್ತದೆ. ಆ ಒಬ್ಬರು ಕೆಲಸ ಬಿಟ್ಟು ಹೋದರೆ ಹೊಸಬರ ಮುಂದೆ ಮತ್ತೆ ಮೊದಲಿನಿಂದ ಎಲ್ಲ ಹೇಳಬೇಕಲ್ಲ ಅಂತ ರೋಗಿಯೂ ಹಿಂದೇಟು ಹಾಕುತ್ತಾರೆ. ಟ್ರಯಲ್ ಬಜೆಟ್‌ನಲ್ಲಿ ಇದಕ್ಕೆ ಹಣ ಎತ್ತಿಡುವುದು ಕಡಿಮೆ, ಯಾಕೆಂದರೆ ಇದನ್ನು ಯಂತ್ರದಂತೆ ಖರೀದಿಸಿ ಬಿಲ್ ತೋರಿಸಲು ಬರುವುದಿಲ್ಲ.

ಇಷ್ಟೆಲ್ಲ ಹೇಳುವಾಗ ಒಂದು ಗೆರೆ ದಾಟಬಾರದು. ಮನುಷ್ಯರ ಮೇಲಿನ ಪ್ರಯೋಗಕ್ಕೆ ನೀತಿ ಹಾಕಿಕೊಟ್ಟ 1947ರ ನ್ಯೂರೆಂಬರ್ಗ್ ಸಂಹಿತೆಯಲ್ಲೂ, 1964ರಲ್ಲಿ ಶುರುವಾದ ಹೆಲ್ಸಿಂಕಿ ಘೋಷಣೆಯಲ್ಲೂ ಪ್ರಯೋಗದಿಂದ ಹೊರನಡೆಯುವ ಹಕ್ಕಿಗೆ ಜಾಗ ಇದೆ. ಇಂದಿನ ನಿಯಮದಂತೆ ಯಾವಾಗ ಬೇಕಾದರೂ ಬಿಡಬಹುದು. ಬಿಟ್ಟವರ ಮಾಮೂಲಿ ಚಿಕಿತ್ಸೆಗೆ ಅದರಿಂದ ಧಕ್ಕೆ ಆಗಬಾರದು. ಬಿಡಬೇಡಿ ಅಂತ ಬೆನ್ನುಹತ್ತುವುದೂ ಒತ್ತಡವೇ.

ಆದರೆ ಬಿಡುವುದು ಅಂದರೆ ಪೂರ್ತಿ ಬಾಗಿಲು ಹಾಕುವುದೇ ಆಗಬೇಕಿಲ್ಲ. ಅನೇಕ ಕಡೆ ಈಗ ರೋಗಿಯನ್ನು ಬಿಡಿಬಿಡಿಯಾಗಿ ಕೇಳುತ್ತಾರೆ. ಮಾತ್ರೆ ಬೇಡವೇ? ಸರಿ. ಆಸ್ಪತ್ರೆಗೆ ಬರುವುದೂ ಬೇಡ, ಆದರೆ ಆರು ತಿಂಗಳಿಗೊಮ್ಮೆ ಫೋನ್ ಮಾಡಬಹುದೇ? ಅದೂ ಬೇಡ ಅಂದರೆ, ನಿಮ್ಮ ಆಸ್ಪತ್ರೆ ದಾಖಲೆಯನ್ನಾದರೂ ನೋಡಬಹುದೇ? ಪೂರ್ತಿ ಬೇಡ ಅನ್ನದೆ ಈ ನಡುವಿನ ಮೆಟ್ಟಿಲಲ್ಲಿ ನಿಲ್ಲುವವರೂ ಇರುತ್ತಾರೆ. ಅವರಿಗೆ ಯಾರೂ ಕೇಳಿರುವುದಿಲ್ಲ, ಅಷ್ಟೇ. ನಿಮ್ಮನ್ನೇ ಯಾರಾದರೂ ಟ್ರಯಲ್‌ಗೆ ಸೇರಲು ಕರೆದರೆ, ಸಹಿ ಹಾಕುವ ಮೊದಲು ಇದನ್ನು ಕೇಳಿ: ನಡುವೆ ಬೇಡ ಅನ್ನಿಸಿದರೆ ನನ್ನ ಮುಂದೆ ಯಾವ ಯಾವ ದಾರಿಗಳಿವೆ? ಎಷ್ಟು ಸಲ ಬರಬೇಕು, ಒಂದೊಂದು ಸಲ ಎಷ್ಟು ಹೊತ್ತು? ಪ್ಲಸೀಬೊ ಸಿಗುವ ಸಾಧ್ಯತೆ ಎಷ್ಟು? ಮುಗಿದ ಮೇಲೆ ಫಲಿತಾಂಶವನ್ನು ನನಗೆ ತಿಳಿಸುತ್ತೀರಾ?

ಈ ಕೊನೆಯ ಪ್ರಶ್ನೆ ಅತಿ ಅನ್ನಿಸಬಹುದು, ಅತಿಯಲ್ಲ. ವರ್ಷಗಟ್ಟಲೆ ರಕ್ತ ಕೊಟ್ಟವರಿಗೆ ಕೊನೆಗೆ ಏನು ಗೊತ್ತಾಯಿತು ಅಂತ ಒಂದು ಕಾಗದವೂ ಬರದೇ ಇರುವುದು ಇದೆ. ಯುರೋಪ್‌ನ ಹೊಸ ಟ್ರಯಲ್ ಕಾನೂನು 2022ರಿಂದ ಜಾರಿಯಲ್ಲಿದೆ. ಟ್ರಯಲ್ ಮುಗಿದ ಒಂದು ವರ್ಷದೊಳಗೆ, ಗೆದ್ದಿರಲಿ ಸೋತಿರಲಿ, ಸಾಮಾನ್ಯ ಜನರಿಗೆ ಅರ್ಥವಾಗುವ ಮಾತಿನಲ್ಲಿ ಫಲಿತಾಂಶದ ಸಾರಾಂಶ ಹಾಕಬೇಕು ಅಂತ ಅದು ಹೇಳುತ್ತದೆ.